ಜರ್ಮನ್ ಆಲೂಗಡ್ಡೆ ಔಫ್‌ಲೌಫ್: ಮೇಲೆ ಕರಿಕಲು, ಒಳಗೆ ಹಸಿ ಆಗದ ಹಾಗೆ

ಮೊದಲ ಸಲ ಇದನ್ನು ಮಾಡಿದಾಗ ಮೂರು ತಪ್ಪು ಒಟ್ಟಿಗೆ ಮಾಡಿದ್ದೆ. ಆಲೂಗಡ್ಡೆ ದಪ್ಪ ದಪ್ಪ ಹೆಚ್ಚಿದ್ದೆ, ಹೆಚ್ಚಿದ ಬಿಲ್ಲೆಗಳನ್ನು ಶ್ರದ್ಧೆಯಿಂದ ಮೂರು ನೀರಲ್ಲಿ ತೊಳೆದಿದ್ದೆ, ಚೀಸನ್ನು ಶುರುವಿನಲ್ಲೇ ಸುರಿದಿದ್ದೆ. ಒಂದು ಗಂಟೆ ಆದಮೇಲೆ ಓವನ್‌ನಿಂದ ತೆಗೆದು ನೋಡಿದರೆ ಮೇಲೆ ಕರಿಕಲು, ತಳದಲ್ಲಿ ಒಡೆದ ಹಾಲು, ನಡುವೆ ಕಟಂ ಅನ್ನುವ ಹಸಿ ಆಲೂಗಡ್ಡೆ. ಅದಕ್ಕೇ ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದೊಂದೇ: ಓವನ್‌ಗೆ ಇಡುವ ಮೊದಲೇ ಬಿಲ್ಲೆಗಳನ್ನು ಒಲೆಯ ಮೇಲೆ ಕ್ರೀಮಿನಲ್ಲಿ ಅರ್ಧ ಬೇಯಿಸಿಕೊಳ್ಳಿ. ಉಳಿದದ್ದು ಕಷ್ಟವೇ ಅಲ್ಲ.

ಜರ್ಮನಿಯಲ್ಲಿ ಇದರ ಹೆಸರು ಕಾರ್ಟೊಫೆಲ್ ಔಫ್‌ಲೌಫ್. ಕಾರ್ಟೊಫೆಲ್ ಅಂದರೆ ಆಲೂಗಡ್ಡೆ, ಔಫ್‌ಲೌಫ್ ಅಂದರೆ ಅಗಲ ಪಾತ್ರೆಯಲ್ಲಿ ಎಲ್ಲ ಸೇರಿಸಿ ಓವನ್‌ನಲ್ಲಿ ಬೇಯಿಸಿದ ಊಟ. ಊಟ ಅಂತ ಬೇಕೆಂದೇ ಹೇಳಿದೆ. ಇದೇ ತರಹ ಓವನ್‌ನಲ್ಲಿ ಮಾಡುವ ಫ್ರೆಂಚರ ಗ್ರಾಟೆನ್ ಸಾಮಾನ್ಯವಾಗಿ ಪಕ್ಕದಲ್ಲಿ ಬಡಿಸುವ ಪದಾರ್ಥ, ಇದಾದರೆ ಒಂದು ತಟ್ಟೆ ಹಾಕಿಕೊಂಡರೆ ರಾತ್ರಿಗೆ ಬೇರೇನೂ ಬೇಡ. ಅಲ್ಲಿನ ಮನೆಗಳಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಕೆಲವರು ಹಂದಿಮಾಂಸದ ಚೂರು ಹಾಕುತ್ತಾರೆ, ಕೆಲವರು ಲೀಕ್ ಅನ್ನುವ ಈರುಳ್ಳಿ ಜಾತಿಯ ತರಕಾರಿ, ಕೆಲವರು ಬ್ರಾಕಲಿ. ನಾನು ಹೇಳುತ್ತಿರುವುದು ಮಾಂಸ, ಮೊಟ್ಟೆ ಎರಡೂ ಇಲ್ಲದ ಸರಳ ರೀತಿ.

ಆಲೂಗಡ್ಡೆಯಿಂದಲೇ ಶುರು ಮಾಡೋಣ, ಯಾಕಂದರೆ ಅರ್ಧ ಕೆಲಸ ಕೆಡುವುದು ಅಲ್ಲೇ. ಜರ್ಮನ್ ಅಂಗಡಿಗಳಲ್ಲಿ ಆಲೂಗಡ್ಡೆ ಚೀಲದ ಮೇಲೆ ಅದು ಬೆಂದಮೇಲೆ ಹೇಗಿರುತ್ತದೆ ಅಂತಲೇ ಬರೆದಿರುತ್ತಾರೆ. ಫೆಸ್ಟ್‌ಕೊಖೆಂಡ್ ಅಂದರೆ ಬೆಂದರೂ ಗಟ್ಟಿಯಾಗಿ ನಿಲ್ಲುವುದು, ಮೇಲಿಗ್‌ಕೊಖೆಂಡ್ ಅಂದರೆ ಹಿಟ್ಟು ಹಿಟ್ಟಾಗಿ ಒಡೆಯುವುದು, ಇವೆರಡರ ಮಧ್ಯದ್ದು ಇನ್ನೊಂದು. ಔಫ್‌ಲೌಫ್‌ಗೆ ಗಟ್ಟಿಯದು ಅಥವಾ ಮಧ್ಯದ್ದು ಬೇಕು. ಹಿಟ್ಟಿನ ಆಲೂಗಡ್ಡೆ ಹಾಕಿದರೆ ಕೊನೆಗೆ ಸಿಗುವುದು ಚೀಸ್ ಮುಚ್ಚಿದ ಪಲ್ಯ. ಗಟ್ಟಿ ಜಾತಿಗಳಲ್ಲಿ ಲಿಂಡಾ ಅನ್ನುವುದು ಅಲ್ಲಿ ತುಂಬ ಹೆಸರು ಮಾಡಿದ ತಳಿ. 1974ರಲ್ಲಿ ಮಾರುಕಟ್ಟೆಗೆ ಬಂದದ್ದು. ಮೂವತ್ತು ವರ್ಷಕ್ಕೆ ತಳಿಯ ಮೇಲಿನ ಹಕ್ಕಿನ ಅವಧಿ ಮುಗಿಯುವ ಹೊತ್ತಿಗೆ, ಆ ಹಕ್ಕಿದ್ದ ಕಂಪನಿ ತಳಿಯನ್ನೇ ಮಾರುಕಟ್ಟೆಯಿಂದ ಹಿಂತೆಗೆಯಲು ಹೊರಟಾಗ ರೈತರೂ ತಿನ್ನುವವರೂ ಸೇರಿ ಗಲಾಟೆ ಮಾಡಿ ಉಳಿಸಿಕೊಂಡರು. ಒಂದು ಆಲೂಗಡ್ಡೆಗಾಗಿ ಅಷ್ಟು ಜಗಳ ಆಡುವ ಜನ ಅಂದಮೇಲೆ ಅವರ ಅಡುಗೆಯನ್ನು ಸ್ವಲ್ಪ ಗೌರವದಿಂದಲೇ ಮಾಡಬೇಕು, ಅಲ್ವಾ? ಚೀಲದ ಮೇಲೆ ಏನೂ ಬರೆದಿಲ್ಲದಿದ್ದರೆ ಒಂದನ್ನು ಬೇಯಿಸಿ ಕತ್ತರಿಸಿ ನೋಡಿ. ಅಂಚು ಪುಡಿಯಾಗದೆ ನೀಟಾಗಿ ನಿಂತರೆ ಆಯಿತು.

ನಾಲ್ಕು ಜನಕ್ಕೆ 1 ಕಿಲೋ ಆಲೂಗಡ್ಡೆ, 250 ಮಿಲಿ ಕ್ರೀಮ್, 200 ಮಿಲಿ ಹಾಲು, 150 ಗ್ರಾಂ ಚೀಸ್, ಒಂದು ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಸ್ವಲ್ಪ ಬೆಣ್ಣೆ, ಉಪ್ಪು, ಕಾಳುಮೆಣಸು, ಜಾಯಿಕಾಯಿ. ಕ್ರೀಮಿನಲ್ಲಿ ಕೊಬ್ಬು ಶೇ 30ರ ಹತ್ತಿರ ಇದ್ದರೆ ಕುದಿಸಿದರೂ ಒಡೆಯುವುದಿಲ್ಲ. ತೂಕದ ಚಿಂತೆಗೆ ಬರೀ ಹಾಲು ಹಾಕಿದರೆ ಒಡೆಯುವ ಸಾಧ್ಯತೆ ಜಾಸ್ತಿ, ಹಾಗೇ ಮಾಡಲೇಬೇಕು ಅಂತಿದ್ದರೆ ಒಂದು ಚಮಚ ಮೈದಾವನ್ನು ಬೆಣ್ಣೆಯಲ್ಲಿ ಹುರಿದು ಹಾಲಿಗೆ ಕದಡಿಕೊಳ್ಳಿ. ಚೀಸ್ ಎಮೆಂಟಾಲರ್ ಅಥವಾ ಗೌಡಾ. ಬರೀ ಮೊಜರೆಲ್ಲಾ ಎಳೆ ಎಳೆಯಾಗಿ ಬರುತ್ತದೆಯೇ ಹೊರತು ರುಚಿ ಸಪ್ಪೆ. ತುರಿದು ಪ್ಯಾಕೆಟ್ ಮಾಡಿದ್ದಕ್ಕಿಂತ ಗಡ್ಡೆ ತಂದು ಮನೆಯಲ್ಲೇ ತುರಿಯುವುದು ಮೇಲು. ಪ್ಯಾಕೆಟ್ಟಿನದಕ್ಕೆ ಅಂಟದಿರಲಿ ಅಂತ ಗಂಜಿಪುಡಿ ಸವರಿರುತ್ತಾರೆ, ಸರಿಯಾಗಿ ಕರಗುವುದಿಲ್ಲ. ಕಟ್ಟಾ ಸಸ್ಯಾಹಾರಿಗಳು ಲೇಬಲ್ ಓದಿ: ಕೆಲವು ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಮೈಕ್ರೋಬಿಯಲ್ ರೆನೆಟ್ ಅಂತ ಇದ್ದರೆ ತೊಂದರೆ ಇಲ್ಲ.

ಸಿಪ್ಪೆ ತೆಗೆದು, ಇಡೀ ಆಲೂಗಡ್ಡೆಯನ್ನು ತೊಳೆದು, ಆಮೇಲೆ 2ರಿಂದ 3 ಮಿಲಿಮೀಟರ್ ದಪ್ಪಕ್ಕೆ ಬಿಲ್ಲೆ ಮಾಡಿ. ಚಿಪ್ಸ್ ಮಾಡುವ ಸ್ಲೈಸರ್ ಇದ್ದರೆ ಐದು ನಿಮಿಷದ ಕೆಲಸ, ಬೆರಳು ಜೋಪಾನ. ಹೆಚ್ಚಿದಮೇಲೆ ಮತ್ತೆ ತೊಳೆಯಬೇಡಿ, ನೀರಲ್ಲಿ ನೆನೆಸಿಡಲೂ ಬೇಡಿ. ಬಿಲ್ಲೆಯ ಮೇಲಿನ ಗಂಜಿಯೇ ಕ್ರೀಮನ್ನು ಗಟ್ಟಿ ಮಾಡುವುದು, ಅದನ್ನು ತೊಳೆದು ಚರಂಡಿಗೆ ಬಿಟ್ಟರೆ ತಳದಲ್ಲಿ ನೀರು ನಿಲ್ಲುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಹಾಕಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಕೆಂಪಾಗುವುದು ಬೇಡ. ಹಾಲು, ಕ್ರೀಮ್ ಸುರಿದು ಒಂದೂವರೆ ಟೀಚಮಚ ಉಪ್ಪು, ಕಾಳುಮೆಣಸಿನ ಪುಡಿ, ತುರಿದ ಜಾಯಿಕಾಯಿ ಹಾಕಿ. ಜಾಯಿಕಾಯಿ ಬಿಡಬೇಡಿ, ಜರ್ಮನ್ನರು ಆಲೂಗಡ್ಡೆ ಕಂಡಲ್ಲೆಲ್ಲ ಅದನ್ನು ತುರಿಯುತ್ತಾರೆ, ಆ ಪರಿಮಳ ಇಲ್ಲದಿದ್ದರೆ ಇದು ಸುಮ್ನೆ ಹಾಲಿನ ಆಲೂಗಡ್ಡೆ. ಆದರೆ ಎರಡು ಚಿಟಿಕೆ ಸಾಕು, ಜಾಸ್ತಿಯಾದರೆ ಕಹಿ. ಈಗಲೇ ರುಚಿ ನೋಡಿ, ಕ್ರೀಮ್ ಒಂಚೂರು ಉಪ್ಪುಪ್ಪು ಅನಿಸಬೇಕು, ಆಲೂಗಡ್ಡೆ ಅದನ್ನು ಹೀರಿಕೊಳ್ಳುತ್ತದೆ. ಬಿಲ್ಲೆ ಹಾಕಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ, ತಳ ಹಿಡಿಯದ ಹಾಗೆ ಮೆಲ್ಲಗೆ ಕೈಯಾಡಿಸುತ್ತಾ ಇರಿ. ಕ್ರೀಮ್ ದೋಸೆ ಹಿಟ್ಟಿನ ಹದಕ್ಕೆ ಬಂದು, ಬಿಲ್ಲೆ ಬಾಗಿಸಿದರೆ ಬಾಗಬೇಕು, ಮುರಿಯಬಾರದು. ಅದೇ ಹದ. ಟೊಮೆಟೊ, ನಿಂಬೆರಸ, ಹುಳಿ ಕ್ರೀಮ್ ಈ ಹಂತದಲ್ಲಿ ಬೇಡವೇ ಬೇಡ, ಹುಳಿ ಬಿದ್ದರೆ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ.

ಓವನ್ 180 ಡಿಗ್ರಿಗೆ ಕಾದಿರಲಿ, ಫ್ಯಾನ್ ಓವನ್ ಆದರೆ 160. ಸುಮಾರು 20 ಸೆಂಟಿಮೀಟರ್ ಅಗಲ, 30 ಉದ್ದದ ಓವನ್ ಪಾತ್ರೆಗೆ ಬೆಣ್ಣೆ ಸವರಿ ಎಲ್ಲ ಸುರಿದು, ಮೇಲಿನ ಪದರ ಮಾತ್ರ ಕೈಯಿಂದ ಸಾಲಾಗಿ ಜೋಡಿಸಿ. ಕೆಳಗಿನದು ಯಾರಿಗೂ ಕಾಣುವುದಿಲ್ಲ ಬಿಡಿ. ಅಂಚಿನಿಂದ ಒಂದು ಬೆರಳು ಖಾಲಿ ಬಿಡಿ, ಇಲ್ಲದಿದ್ದರೆ ಉಕ್ಕಿ ಓವನ್ ತಿಕ್ಕುವ ಕೆಲಸ ಬರುತ್ತದೆ. 20 ನಿಮಿಷ ಚೀಸ್ ಇಲ್ಲದೆ ಬೇಯಿಸಿ, ಆಮೇಲೆ ಚೀಸ್ ಉದುರಿಸಿ ಇನ್ನೂ 15ರಿಂದ 20 ನಿಮಿಷ. ಚಾಕು ಚುಚ್ಚಿದರೆ ಸಲೀಸಾಗಿ ತಳ ಮುಟ್ಟಬೇಕು. ಮುಟ್ಟದಿದ್ದರೆ ಮೇಲೆ ಫಾಯಿಲ್ ಮುಚ್ಚಿ ಹತ್ತು ನಿಮಿಷ ಕೊಡಿ, ಚೀಸ್ ಕಪ್ಪಾಗುವುದಿಲ್ಲ.

ಹೊರಗೆ ತೆಗೆದ ಕೂಡಲೇ ಬಡಿಸಬೇಡಿ. ಗೊತ್ತು, ಪರಿಮಳಕ್ಕೆ ತಡೆಯಲಾಗುವುದಿಲ್ಲ, ಆದರೂ ಹತ್ತು ನಿಮಿಷ ಬಿಟ್ಟರೆ ಕ್ರೀಮ್ ಬಿಗಿದುಕೊಂಡು ತುಂಡು ತುಂಡಾಗಿ ಏಳುತ್ತದೆ. ಜೊತೆಗೆ ವಿನಿಗರ್ ಹಾಕಿ ಕಲಸಿದ ಎಲೆ ಸಾಲಡ್ ಇಡಿ, ಇಷ್ಟು ಜಿಡ್ಡಿಗೆ ಆ ಹುಳಿ ಬೇಕೇ ಬೇಕು.

ಮೊಟ್ಟೆ ತಿನ್ನುವವರಿಗೆ ಇನ್ನೊಂದು ದಾರಿ ಇದೆ. ಹಿಂದಿನ ದಿನ ಸಿಪ್ಪೆ ಸಮೇತ ಬೇಯಿಸಿ ಉಳಿದ ಆಲೂಗಡ್ಡೆಯನ್ನು ಸುಲಿದು ಅರ್ಧ ಸೆಂಟಿಮೀಟರ್ ಬಿಲ್ಲೆ ಮಾಡಿ, ಮೂರು ಮೊಟ್ಟೆ, 200 ಮಿಲಿ ಕ್ರೀಮ್, ಉಪ್ಪು, ಜಾಯಿಕಾಯಿ ಕದಡಿ ಸುರಿದು, ಚೀಸ್ ಹಾಕಿ ಅರ್ಧ ಗಂಟೆ ಬೇಯಿಸಿದರೆ ಮುಗಿಯಿತು. ಇಲ್ಲಿ ಒಲೆಯ ಕೆಲಸವೇ ಇಲ್ಲ. ರೈನ್ ನದಿಯ ಕಡೆಯವರು ಹಸಿ ಆಲೂಗಡ್ಡೆ ತುರಿದು ಮೊಟ್ಟೆ, ಈರುಳ್ಳಿ ಸೇರಿಸಿ ಎರಕದ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸುವ ಡೆಪ್ಪೆಕೂಖೆನ್ ಇದರ ನೆಂಟನೇ. ನವೆಂಬರ್ 11ರ ಸೇಂಟ್ ಮಾರ್ಟಿನ್ ಹಬ್ಬಕ್ಕೆ ಅದನ್ನು ಮಾಡಿ ಸೇಬಿನ ಗೊಜ್ಜಿನ ಜೊತೆ ತಿನ್ನುತ್ತಾರೆ.

ಉಳಿದರೆ ಫ್ರಿಜ್‌ನಲ್ಲಿಡಿ. ಮರುದಿನ ಗಟ್ಟಿಯಾಗಿರುತ್ತದೆ, ಬರ್ಫಿ ಕೊಯ್ದ ಹಾಗೆ ಕೊಯ್ದು ತವಾ ಮೇಲೆ ಚೂರು ಬೆಣ್ಣೆ ಹಾಕಿ ಎರಡೂ ಕಡೆ ಗರಿಗರಿ ಮಾಡಿ. ಮೈಕ್ರೋವೇವ್‌ಗೆ ಮಾತ್ರ ಹಾಕಬೇಡಿ, ಕ್ರೀಮಿನ ಜಿಡ್ಡೆಲ್ಲ ಬಿಟ್ಟುಕೊಂಡು ತಟ್ಟೆ ತುಂಬ ಎಣ್ಣೆಯಾಗುತ್ತದೆ.