ಯಾರಿಗೆ ಆತುರ ಅಂತ ನೋಡಲು ಕಲಿತದ್ದು

ಅಪ್ಪನ ಜೊತೆ ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕಲು ಹೋಗುತ್ತಾ ಬೆಳೆದವನು ನಾನು. ಎಷ್ಟು ಲೋಡ್ ಬಂದಿದೆ, ಹೊರ ರಾಜ್ಯದ ವ್ಯಾಪಾರಿಗಳು ಎಷ್ಟು ಜನ ಇದ್ದಾರೆ ಅಂತ ನೋಡಿಯೇ ಅಪ್ಪ ಅವತ್ತಿನ ರೇಟ್ ಹೇಳುತ್ತಿದ್ದರು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಹಣ್ಣಿನ ರುಚಿಯೇನೂ ಬದಲಾಗಿರಲಿಲ್ಲ. ಮಾಲು ಇರಲಿಲ್ಲ, ಅಷ್ಟೇ. ಆದರೆ ಷೇರು ಕೊಳ್ಳುವಾಗ ಈ ಲೆಕ್ಕ ನನಗೆ ಹೊಳೆಯಲಿಲ್ಲ. ಲಾಭ ಏರಿದರೆ ಬೆಲೆಯೂ ಏರುತ್ತದೆ ಅಂತ ನಂಬಿದ್ದೆ.

ಒಂದು ಸಣ್ಣ ಕಂಪನಿಯ ಷೇರು ಕೊಂಡಿದ್ದೆ. ಲಾಭ ಚೆನ್ನಾಗಿತ್ತು. ಬೆಲೆ ದಿನಕ್ಕೆ 5% ಮೀರಿ ಏರುವಂತಿಲ್ಲ, ಇಳಿಯುವಂತಿಲ್ಲ ಅನ್ನುವ ಸರ್ಕ್ಯೂಟ್ ಮಿತಿ ಅದಕ್ಕಿತ್ತು. 212 ರೂಪಾಯಿ ಇದ್ದಾಗ ಒಂದು ಬೆಳಗ್ಗೆ ಲೋವರ್ ಸರ್ಕ್ಯೂಟ್ ಬಿತ್ತು, ಅಂದರೆ ಬೆಲೆ ಆ ದಿನದ ಇಳಿಕೆಯ ಮಿತಿ ಮುಟ್ಟಿ ನಿಂತಿತು. ಯಾವ ಬೆಲೆಗೆ ಎಷ್ಟು ಆರ್ಡರ್ ಇದೆ ಅಂತ ತೋರಿಸುವ ಮಾರ್ಕೆಟ್ ಡೆಪ್ತ್ ತೆರೆದರೆ ಮಾರುವವರ ಕಡೆ ಲಕ್ಷಗಟ್ಟಲೆ ಷೇರು, ಕೊಳ್ಳುವವರ ಕಡೆ ಐದೂ ಸಾಲು ಸೊನ್ನೆ. ಎಲ್ಲರೂ ಅದೇ ಬೆಲೆಗೆ ಮಾರಲು ನಿಂತಾಗ ಮೊದಲು ಬಂದವರಿಗೆ ಮೊದಲ ಸರದಿ. ಮರುದಿನದಿಂದ 9 ಗಂಟೆಗೇ ಮಾರುವ ಆರ್ಡರ್ ಹಾಕತೊಡಗಿದೆ. ಆಗಲೂ ನನ್ನ ಮುಂದೆ ಉದ್ದ ಸಾಲು. ಹೀಗೆ ಆರು ದಿನ. ಏಳನೇ ದಿನ 156ರ ಹತ್ತಿರ ಮಾರಾಟವಾಯಿತು. ಆ ರಾತ್ರಿಗಳಲ್ಲಿ ನಿದ್ದೆ ಇರಲಿಲ್ಲ, ಮಗಳ ಫೀಸಿನ ದುಡ್ಡೂ ಅದರಲ್ಲಿತ್ತು.

ಆಮೇಲೆ ಹುಡುಕಿದೆ. ಕಂಪನಿಯಲ್ಲಿ ಏನೂ ಕೆಟ್ಟಿರಲಿಲ್ಲ. ಐಪಿಒಗೆ, ಅಂದರೆ ಕಂಪನಿಯ ಷೇರು ಮೊದಲ ಸಲ ಜನರಿಗೆ ಮಾರಾಟಕ್ಕೆ ಬರುವುದಕ್ಕೆ, ಮುಂಚಿನ ಷೇರುದಾರರಿಗೆ ಇದ್ದ ಆರು ತಿಂಗಳ ಲಾಕ್-ಇನ್, ಅಂದರೆ ಮಾರುವಂತಿಲ್ಲ ಅನ್ನುವ ತಡೆ, ಅದೇ ವಾರ ಮುಗಿದಿತ್ತು. ಇಷ್ಟು ದಿನ ಕೈಕಟ್ಟಿ ಕೂತಿದ್ದ ಮಾಲು ಒಟ್ಟಿಗೆ ಮಾರುಕಟ್ಟೆಗೆ ಬಂತು. ಆ ದಿನಾಂಕ ಮೊದಲೇ ಗೊತ್ತಾಗುವಂಥದ್ದು. ನಾನು ನೋಡಿರಲಿಲ್ಲ.

ಈಗ ಷೇರು ಕೊಳ್ಳುವ ಮುಂಚೆ ಲಾಕ್-ಇನ್ ಯಾವಾಗ ಮುಗಿಯುತ್ತದೆ ಅಂತ ನೋಡುತ್ತೇನೆ. ದಿನಕ್ಕೆ ಎಷ್ಟು ಕೈ ಬದಲಾಗುತ್ತದೆ, ಅದರಲ್ಲಿ ಡೆಲಿವರಿ, ಅಂದರೆ ಅದೇ ದಿನ ಮಾರದೆ ಇಟ್ಟುಕೊಳ್ಳಲು ಕೊಂಡದ್ದು, ಎಷ್ಟು ಅಂತಲೂ ನೋಡುತ್ತೇನೆ. ಸಂಜೆ ಎಫ್‌ಐಐ, ಡಿಐಐ ಅಂಕಿ, ಅಂದರೆ ವಿದೇಶಿ ಮತ್ತು ದೇಶಿ ಹೂಡಿಕೆ ಸಂಸ್ಥೆಗಳು ಅವತ್ತು ಕೊಂಡ, ಮಾರಿದ ಲೆಕ್ಕ, ಬರೆದಿಡುತ್ತೇನೆ.

2024ರ ಅಕ್ಟೋಬರ್ ಆ ನೋಟ್‌ಬುಕ್ಕಿನ ದೊಡ್ಡ ಪಾಠ. ವಿದೇಶಿ ಹೂಡಿಕೆದಾರರು 1.1 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ ಷೇರು ಮಾರಿದರು. ನಮ್ಮ ದೇಶದ ಸಂಸ್ಥೆಗಳು 1 ಲಕ್ಷ ಕೋಟಿಗೂ ಜಾಸ್ತಿ ಕೊಂಡವು. ಜನ ಪ್ರತಿ ತಿಂಗಳು ಮ್ಯೂಚುವಲ್ ಫಂಡಿಗೆ ಕಟ್ಟುವ ಎಸ್‌ಐಪಿ ಹಣ ಮೊದಲ ಸಲ ತಿಂಗಳಿಗೆ 25,000 ಕೋಟಿ ದಾಟಿತು. ಆದರೂ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ನಿಫ್ಟಿ ಸುಮಾರು 6% ಇಳಿಯಿತು. ಹೆಚ್ಚುಕಮ್ಮಿ ಅಷ್ಟೇ ಕೊಂಡರೂ ಇಳಿದದ್ದು ಯಾಕೆ? ನನಗೆ ಕಂಡದ್ದು ಇಷ್ಟು. ಮಾರುವವರಿಗೆ ಆತುರವಿತ್ತು, ಕೊಳ್ಳುವವರು ಕೆಳಗಿನ ಬೆಲೆಗೆ ಕಾದು ನಿಂತಿದ್ದರು. ಹೊಸ ಮಾಲೂ ಬಂತು. ಹ್ಯುಂಡೈ ಇಂಡಿಯಾದ ಐಪಿಒ ಒಂದೇ 27,870 ಕೋಟಿಯದ್ದು. ಆ ಹಣವೂ ಇದೇ ಜೇಬುಗಳಿಂದ ಹೋಗಬೇಕಿತ್ತು ಅಲ್ವಾ?

ಆ ತಿಂಗಳು ನಾನೂ ಕಾದೆ. ಬಹಳ ದಿನದಿಂದ ನೋಡುತ್ತಿದ್ದ ಒಂದು ಬ್ಯಾಂಕ್ ಷೇರಿಗೆ ಹಣವನ್ನು ನಾಲ್ಕು ಪಾಲು ಮಾಡಿ, ಇದಕ್ಕಿಂತ ಜಾಸ್ತಿ ಕೊಡಲ್ಲ ಅನ್ನುವ ಲಿಮಿಟ್ ಆರ್ಡರ್‌ಗಳನ್ನು ಒಂದಕ್ಕಿಂತ ಒಂದು ಕೆಳಗಿನ ಬೆಲೆಗೆ ಹಾಕಿದೆ. ಮೂರು ಸಿಕ್ಕವು. ನಾಲ್ಕನೆಯ ಬೆಲೆಗೆ ಅದು ಇಳಿಯಲೇ ಇಲ್ಲ. ಆ ದುಡ್ಡನ್ನು ಮಗಳ ಫೀಸಿಗೆ ಎತ್ತಿಟ್ಟೆ.