ಮನೆಯ ಲೋಹದ ಗುಜರಿ: ಬೇರ್ಪಡಿಸಿ ಮಾರುವ ನನ್ನ ಅನುಭವ

ಹಳೆ ನಲ್ಲಿ, ಕುಕ್ಕರ್, ವೈರು, ಮುರಿದ ಬಾಗಿಲಿನ ಚಿಲಕ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತೂಕಕ್ಕೆ ಹಾಕಿದರೆ, ಆ ರಾಶಿಯಲ್ಲಿರುವ ಅಗ್ಗದ ಲೋಹದ ಬೆಲೆಯೇ ಎಲ್ಲದಕ್ಕೂ ಸಿಗುತ್ತದೆ. ಗುಜರಿಯವರ ಲೆಕ್ಕವೂ ನ್ಯಾಯವಾದದ್ದೇ. ಬೆರಕೆಯನ್ನು ಬಿಡಿಸುವ ಕೂಲಿ ಅವರ ತಲೆಯ ಮೇಲೆ ಬೀಳುತ್ತದಲ್ಲ. ಹಾಗಾಗಿ ಆ ಕೆಲಸವನ್ನು ನಾನು ಮನೆಯಲ್ಲೇ ಮುಗಿಸಿಕೊಳ್ಳುತ್ತೇನೆ. ಒಂದು ಅಯಸ್ಕಾಂತ, ಒಂದು ಅರ, ಸ್ಕ್ರೂಡ್ರೈವರ್, ಇಕ್ಕಳ, ದಪ್ಪ ಕೈಗವಸು ಇದ್ದರೆ ಸಾಕು. ಕೆಟ್ಟುಹೋದ ಸ್ಪೀಕರಿನೊಳಗಿನ ಅಯಸ್ಕಾಂತ ಈ ಕೆಲಸಕ್ಕೆ ಬಲು ಚೆನ್ನಾಗಿದೆ.

ಮೊದಲು ಅಯಸ್ಕಾಂತ. ಗಟ್ಟಿಯಾಗಿ ಅಂಟಿದ್ದು ಕಬ್ಬಿಣದ ರಾಶಿಗೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಅಂಟುವುದಿಲ್ಲ. ಸ್ಟೀಲ್ ಪಾತ್ರೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಿಕಲ್ ಇರುವ ಸ್ಟೇನ್‌ಲೆಸ್ ಸ್ಟೀಲ್ ಸಾಮಾನ್ಯವಾಗಿ ಅಂಟುವುದಿಲ್ಲ, ಬಗ್ಗಿಸಿ ಒತ್ತಿದ ಅಂಚುಗಳಲ್ಲಿ ಸ್ವಲ್ಪ ಎಳೆದಂತಾಗುತ್ತದೆ ಅಷ್ಟೆ. ನಿಕಲ್ ಇಲ್ಲದ ಸ್ಟೇನ್‌ಲೆಸ್ ಸ್ಟೀಲ್ ಚೆನ್ನಾಗಿಯೇ ಅಂಟುತ್ತದೆ. ಈ ಎರಡನ್ನೂ ನಾನು ಬೇರೆ ಬೇರೆ ಇಡುತ್ತೇನೆ, ಮೊದಲನೆಯದಕ್ಕೆ ಬೆಲೆ ಹೆಚ್ಚು.

ಅಂಟದೆ ಉಳಿದದ್ದನ್ನು ಕೈಯಲ್ಲಿ ಹಿಡಿದು ನೋಡುತ್ತೇನೆ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ತಾಮ್ರ ಸುಮಾರು 9 ಗ್ರಾಂ ತೂಗುತ್ತದೆ. ಇಷ್ಟು ವ್ಯತ್ಯಾಸ ಕೈಗೆ ಕೂಡಲೇ ಗೊತ್ತಾಗುತ್ತದೆ. ಆಮೇಲೂ ಅನುಮಾನ ಉಳಿದರೆ, ಕಣ್ಣಿಗೆ ಬೀಳದ ಕಡೆ ಅರದಿಂದ ಒಮ್ಮೆ ಉಜ್ಜುತ್ತೇನೆ. ಬೆಳ್ಳಗೆ ಹೊಳೆಯುವ ನಲ್ಲಿಯ ಕ್ರೋಮ್ ಲೇಪದಡಿ ಹಳದಿ ಕಂಡರೆ ಹಿತ್ತಾಳೆ. ಬೂದು ಬಣ್ಣ ಕಂಡು, ನಲ್ಲಿ ಭಾರವಾಗಿಯೂ ಇದ್ದರೆ ಅದು ಹೆಚ್ಚಾಗಿ ಸತುವಿನ ಮಿಶ್ರಲೋಹ. ಹೊರಗಿನ ಹೊಳಪು ನೋಡಿ ನಲ್ಲಿಯನ್ನು ಸ್ಟೀಲ್ ರಾಶಿಗೆ ಎಸೆಯುವುದು ದೊಡ್ಡ ನಷ್ಟ.

ಹೆಚ್ಚು ಹೊತ್ತು ಹಿಡಿಯುವುದು ವೈರು. ವೈರನ್ನು ಸುಡಲೇಬಾರದು. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಪಿವಿಸಿ ಹೊದಿಕೆ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷಗಳು ಹೊಮ್ಮುತ್ತವೆ. ಸುಟ್ಟು ಕಪ್ಪಾದ ತಾಮ್ರಕ್ಕೆ ಬೆಲೆಯೂ ಇಳಿಯುತ್ತದೆ. ದಪ್ಪ ವೈರಿನ ಹೊದಿಕೆಯನ್ನು ಉದ್ದಕ್ಕೆ ಸೀಳಿ ಸುಲಿದರೆ ಒಳಗಿನ ಕೆಂಪು ತಾಮ್ರ ಹೊಳೆಯುತ್ತಾ ಹೊರಬರುತ್ತದೆ, ಅದಕ್ಕೇ ಒಳ್ಳೆಯ ದರ. ಕೂದಲೆಳೆಯಂಥ ತಂತಿಯ ವೈರನ್ನು ಸುಲಿಯಲು ಕೂರುವುದಿಲ್ಲ, ಹೊದಿಕೆ ಸಮೇತ ಬೇರೆಯಾಗಿ ಮಾರುತ್ತೇನೆ. ಇನ್ನೊಂದು ಮಾತು: ಕೆಲವು ವೈರುಗಳು, ಮೋಟಾರಿನ ಸುರುಳಿಗಳು ಮೇಲೆ ತಾಮ್ರದ ಬಣ್ಣ, ಒಳಗೆ ಅಲ್ಯೂಮಿನಿಯಂ. ತುದಿಯನ್ನು ಕತ್ತರಿಸಿ ನೋಡಿದರೆ ಬೆಳ್ಳಗೆ ಕಾಣುತ್ತದೆ. ಅಂಥದ್ದು ಒಂದಿಷ್ಟು ಸೇರಿದರೂ ಇಡೀ ತಾಮ್ರದ ರಾಶಿಗೆ ಅನುಮಾನ ಅಂಟಿಕೊಳ್ಳುತ್ತದೆ.

ಅಲ್ಯೂಮಿನಿಯಂನಲ್ಲಿ ಬೆಲೆ ಕೆಡಿಸುವುದು ಅದಕ್ಕೆ ಅಂಟಿಕೊಂಡ ಇತರ ವಸ್ತುಗಳು. ಕುಕ್ಕರಿನ ಹಿಡಿ, ರಬ್ಬರ್, ಸೇಫ್ಟಿ ವಾಲ್ವ್ ತೆಗೆಯುತ್ತೇನೆ. ಕಿಟಕಿಯ ಚೌಕಟ್ಟಾದರೆ ಕಬ್ಬಿಣದ ಸ್ಕ್ರೂ, ಗಾಲಿ, ರಬ್ಬರ್ ಪಟ್ಟಿ. ಇಷ್ಟು ಶ್ರಮ ಯಾಕೆ ಎಂದರೆ ಹಣಕ್ಕಾಗಿ ಮಾತ್ರ ಅಲ್ಲ. ಬಾಕ್ಸೈಟ್ ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ, ಹಳೆಯ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಲು ಸುಮಾರು 95% ಕಡಿಮೆ ಶಕ್ತಿ ಸಾಕು. ಆದರೆ ಕರಗುವಾಗ ಒಳಸೇರಿದ ಕಬ್ಬಿಣವನ್ನು ಮತ್ತೆ ಹೊರತೆಗೆಯುವುದು ಬಹಳ ಕಷ್ಟ. ಮನೆಯಲ್ಲಿ ಬಿಚ್ಚಿದ ಒಂದೊಂದು ಸ್ಕ್ರೂ ಕುಲುಮೆಯವರೆಗೂ ಲೆಕ್ಕಕ್ಕೆ ಬರುತ್ತದೆ.

ಕೆಲವನ್ನು ನಾನು ಬಿಚ್ಚುವುದೇ ಇಲ್ಲ. ಮೈಕ್ರೋವೇವ್‌ನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ಫ್ರಿಜ್ಜಿನ ಕೊಳವೆ ಕತ್ತರಿಸಿದರೆ ಒಳಗಿನ ಅನಿಲ ಹೊರಗೆ ನುಗ್ಗುತ್ತದೆ. ವಾಹನದ ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇರುತ್ತವೆ. ಇವನ್ನೆಲ್ಲ ಇದ್ದ ಹಾಗೆಯೇ, ಅದೇ ಕೆಲಸ ಬಲ್ಲ ಅಧಿಕೃತ ಮರುಬಳಕೆದಾರರಿಗೆ ಕೊಡುತ್ತೇನೆ.

ಮಾರುವ ಮುಂಚೆ ಪ್ರತಿ ಲೋಹದ ದರವನ್ನೂ ಎರಡು ಮೂರು ಕಡೆ ವಿಚಾರಿಸುತ್ತೇನೆ. ತಾಮ್ರದ ದರ ಲಂಡನ್ ಲೋಹ ವಿನಿಮಯ ಕೇಂದ್ರದಂಥ ಜಾಗತಿಕ ಮಾರುಕಟ್ಟೆಗಳ ಜೊತೆ ಏರಿಳಿಯುತ್ತದೆ. ಒಣಗಿದ ಡಬ್ಬದಲ್ಲಿಟ್ಟರೆ ತಾಮ್ರ ಹಾಳಾಗದು, ಜಾಗವನ್ನೂ ಹೆಚ್ಚು ಬೇಡದು. ಹಾಗಾಗಿ ದರ ಬಿದ್ದಾಗ ಕಾಯುತ್ತೇನೆ. ಕಬ್ಬಿಣಕ್ಕೆ ಕಾಯುವುದಿಲ್ಲ, ಜಾಗ ತಿನ್ನುತ್ತದೆ. ಸಣ್ಣ ಗಂಟುಗಳನ್ನು ಮನೆಯಲ್ಲೇ ತೂಗಿ ಚೀಟಿ ಅಂಟಿಸಿರುತ್ತೇನೆ. ಅಂಗಡಿಯಲ್ಲಿ ತಕ್ಕಡಿ ಸೊನ್ನೆ ತೋರಿಸುವುದನ್ನು ನೋಡಿಕೊಂಡು ಮೊದಲು ತಾಮ್ರ, ಆಮೇಲೆ ಹಿತ್ತಾಳೆ, ಹೀಗೆ ಒಂದೊಂದನ್ನೇ ತೂಗಿಸಿ, ಆಗಿಂದಾಗಲೇ ಬರೆಸಿಕೊಳ್ಳುತ್ತೇನೆ. ಕಬ್ಬಿಣ ಕೊನೆಗೆ.