ಪಂಚವೀಸ ಎಂದು ಹೇಳಿದರೆ 52 ಬರೆಯುವ ಮಗು

ಮನೆಮಾತು ಕನ್ನಡ, ಶಾಲೆ ಇಂಗ್ಲಿಷ್ ಮಾಧ್ಯಮ, ಜೊತೆಗೆ ಮರಾಠಿ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆ ಬಂದ ಮೇಲೆ ಮಾಧ್ಯಮ ಯಾವುದೇ ಇರಲಿ, ಮರಾಠಿ ಕಲಿಯಲೇಬೇಕು. ಮುಂಬೈ ಕಡೆಯ ಮುಲುಂಡ್, ಡೊಂಬಿವಿಲಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತು: 'ಮಗುವಿಗೆ ಗೊಂದಲ ಬೇಡ, ಮನೆಯಲ್ಲೂ ಲೆಕ್ಕ ಇಂಗ್ಲಿಷಲ್ಲೇ ಹೇಳಿಕೊಡೋಣ.' ಒಂದರಿಂದ ಮೂರನೇ ತರಗತಿಯ ಮಕ್ಕಳ ಪಕ್ಕ ಕೂತು ಲೆಕ್ಕ ಮಾಡಿಸಿದ ನನಗೆ ಕಂಡದ್ದು ಇದಕ್ಕೆ ತದ್ವಿರುದ್ಧ. ಹತ್ತು, ಬಿಡಿ ಅಂದರೇನು ಅನ್ನುವುದು ತಲೆಗೆ ಹೋಗಲು ಮನೆಯಲ್ಲಿರುವ ಒಳ್ಳೆಯ ಸಲಕರಣೆ ಕನ್ನಡವೇ.

ಯಾಕೆಂದರೆ 'ಇಪ್ಪತ್ತೈದು' ಅನ್ನುವಾಗ ಇಪ್ಪತ್ತು ಮೊದಲು, ಐದು ಆಮೇಲೆ. ಬರೆಯುವುದೂ ಅದೇ ಕ್ರಮದಲ್ಲಿ. ಮರಾಠಿಯ 'ಪಂಚವೀಸ'ದಲ್ಲಿ ಐದು ಮೊದಲು ಕಿವಿಗೆ ಬೀಳುತ್ತದೆ. ಮಗು ಕೇಳಿದ ಹಾಗೇ 5 ಬರೆದು, ಪಕ್ಕದಲ್ಲಿ 2 ಬರೆಯುತ್ತದೆ: 52. ಅದು ಅಜಾಗರೂಕತೆ ಅಲ್ಲ, ಕಿವಿಗೊಟ್ಟು ಕೇಳಿದ್ದರ ಗುರುತು. ಇನ್ನೂ ತೊಡಕಿನದು 'ಏಕೋಣತೀಸ', ಅಂದರೆ ಮೂವತ್ತಕ್ಕೆ ಒಂದು ಕಡಿಮೆ, 29. 'ಏಕತೀಸ' 31. ನಡುವೆ ಇರುವುದು ಒಂದು 'ಓಣ' ಮಾತ್ರ, ಆರು ವರ್ಷದ ಕಿವಿಗೆ ಅದು ಸುಲಭವಾಗಿ ತಪ್ಪಿಹೋಗುತ್ತದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕ 2019ರಲ್ಲಿ 'ಏಕವೀಸ'ದ ಜೊತೆಗೆ 'ವೀಸ ಏಕ' ಎಂದು ಓದುವ ಕ್ರಮವನ್ನೂ ಕೊಟ್ಟಾಗ ದೊಡ್ಡ ಗದ್ದಲವೇ ಆಯಿತು. ಗಣಿತಜ್ಞೆ ಮಂಗಲಾ ನಾರಳೀಕರ್ ಅದನ್ನು ಸಮರ್ಥಿಸಿಕೊಂಡರು. ಗದ್ದಲ ಏನೇ ಇರಲಿ, ಅವರು ಹೊಸದಾಗಿ ತರಲು ಹೊರಟ ಕ್ರಮ ನಮ್ಮ ಬಾಯಲ್ಲಿ ಹುಟ್ಟಿನಿಂದ ಇದೆ.

ಬೇಕಾಗುವ ಸಾಮಾನು ಸ್ವಲ್ಪವೇ. ನೂರು ಐಸ್‌ಕ್ರೀಮ್ ಕಡ್ಡಿ. ಅದಿಲ್ಲದಿದ್ದರೆ ತೆಂಗಿನ ಪೊರಕೆಯ ಕಡ್ಡಿಯನ್ನು ಒಂದೇ ಅಳತೆಗೆ ಕತ್ತರಿಸಿದರೂ ನಡೆಯುತ್ತದೆ. ಹತ್ತು ಹನ್ನೆರಡು ರಬ್ಬರ್ ಬ್ಯಾಂಡ್. ನಡುವೆ ಗೆರೆ ಎಳೆದ ಒಂದು ಹಾಳೆ, ಎಡಕ್ಕೆ ಹತ್ತು, ಬಲಕ್ಕೆ ಬಿಡಿ. ಕಟ್ಟನ್ನು ಮಗುವೇ ಎಣಿಸಿ ಕಟ್ಟಬೇಕು. ಸಮಯ ಉಳಿಸಲು ನೀವೇ ಕಟ್ಟಿಟ್ಟರೆ ಅದರ ಕಣ್ಣಿಗೆ ಅದು ಒಂದು ದಪ್ಪ ಕಡ್ಡಿ, ಹತ್ತು ಕಡ್ಡಿ ಅಲ್ಲ. ಇನ್ನೊಂದು ಸಣ್ಣ ವಿಷಯ, ಮಗುವಿನ ಎದುರಿಗೆ ಕೂರಬೇಡಿ. ನಿಮ್ಮ ಎಡ ಅದಕ್ಕೆ ಬಲ. ಪಕ್ಕದಲ್ಲೇ ಕೂರಿ.

'ಪುಟ್ಟಾ, ಮೂವತ್ನಾಲ್ಕು ಇಡು' ಅನ್ನಿ. ಮೂರು ಕಟ್ಟು, ನಾಲ್ಕು ಬಿಡಿ. ಇಟ್ಟ ಮೇಲೆ ಬಾಯಲ್ಲಿ ಹೇಳಲಿ, ಆಮೇಲೆ 34 ಎಂದು ಬರೆಯಲಿ, ಆಮೇಲೆ ಇಂಗ್ಲಿಷಲ್ಲಿ ಹೇಳಲಿ. ಮರಾಠಿ ಹೆಸರು ಕೊನೆಗೆ, ದಿನಕ್ಕೆ ನಾಲ್ಕೈದು ಸಂಖ್ಯೆ ಮಾತ್ರ, ಅದೂ ಕಟ್ಟುಗಳು ಕಣ್ಣೆದುರು ಇರುವಾಗಲೇ. 'ಬಿಡಿ' ಎನ್ನುವ ಪದವೇ ಅರ್ಧ ಪಾಠ ಹೇಳುತ್ತದೆ, ಕಟ್ಟಿಲ್ಲದ್ದು ಬಿಡಿ. ಶಾಲೆಯಲ್ಲಿ ಕೇಳುವ 'ಏಕಕ, ದಶಕ' ಇದರದೇ ಮರಾಠಿ ಹೆಸರು ಎಂದು ಒಮ್ಮೆ ಹೇಳಿದರೆ ಸಾಕು.

ಕನ್ನಡದಲ್ಲೂ ಗುಂಡಿಗಳಿವೆ. ಒಂಬತ್ತು, ತೊಂಬತ್ತು, ಎಂಬತ್ತು ಒಂದೇ ತರಹ ಕೇಳಿಸುತ್ತವೆ. ಅನುಮಾನ ಬಂದಾಗ 'ಕಡ್ಡಿಯಲ್ಲಿ ತೋರಿಸು' ಅಂದರೆ ತಿಳಿದುಹೋಗುತ್ತದೆ. ಅದಕ್ಕಿಂತ ದೊಡ್ಡದು, ಇಪ್ಪತ್ತೈದನ್ನು 205 ಎಂದು ಬರೆಯುವುದು. ಇಪ್ಪತ್ತು ಬರೆದಾಯಿತು, ಐದು ಬರೆದಾಯಿತು, ಮಗುವಿನ ತರ್ಕ ಸರಿಯಾಗೇ ಇದೆ. ಇದಕ್ಕೆ ಹಳೆಯ ಮದುವೆ ಕಾಗದದ ರಟ್ಟು ಒಳ್ಳೆಯದು. 6 ಸೆಂಟಿಮೀಟರ್ ಅಗಲದ ಒಂಬತ್ತು ಚೀಟಿಗಳಲ್ಲಿ 10, 20, 30 ಹೀಗೆ 90ರವರೆಗೆ ಬರೆಯಿರಿ. ಒಂದೊಂದು ಅಂಕಿಗೂ ಸರಿಯಾಗಿ 3 ಸೆಂಟಿಮೀಟರ್ ಜಾಗ. 3 ಸೆಂಟಿಮೀಟರ್ ಅಗಲದ ಇನ್ನೊಂಬತ್ತು ಚೀಟಿಗಳಲ್ಲಿ 1ರಿಂದ 9. 20ರ ಸೊನ್ನೆಯ ಮೇಲೆ 5ರ ಚೀಟಿ ಇಟ್ಟರೆ 25 ಆಗುತ್ತದೆ, ಎತ್ತಿದರೆ ಕೆಳಗೆ ಸೊನ್ನೆ ಕಾಣುತ್ತದೆ. ಮಕ್ಕಳು ಇದನ್ನು ಹತ್ತಾರು ಸಲ ಎತ್ತಿ ನೋಡುತ್ತಾರೆ, ತಡೆಯಬೇಡಿ. ಅಳತೆ ತಪ್ಪಿ ಚಿಕ್ಕ ಚೀಟಿ 2ರ ಮೇಲೂ ಕೂತರೆ ಎಲ್ಲ ಕೆಟ್ಟಿತು, ಆದ್ದರಿಂದ ಸ್ಕೇಲ್ ಹಿಡಿದೇ ಕತ್ತರಿಸಿ.

ಕಡ್ಡಿಯ ನಿಜವಾದ ಬೆಲೆ ತಿಳಿಯುವುದು ಕಳೆಯುವ ಲೆಕ್ಕದಲ್ಲಿ. 52ರಲ್ಲಿ 27 ಕಳೆ ಅಂದರೆ ಬಹಳ ಮಕ್ಕಳು 35 ಬರೆಯುತ್ತಾರೆ. 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ ತಿರುಗಿಸಿ 7ರಲ್ಲಿ 2 ಕಳೆದಿರುತ್ತಾರೆ. 'ಪಕ್ಕದ ಮನೆಯಿಂದ ಸಾಲ ತಾ' ಎಂದು ಹೇಳಿಕೊಡುವುದು ನನಗೆ ಸರಿ ಕಾಣುವುದಿಲ್ಲ. ಸಾಲ ತಂದದ್ದು ಒಂದು, ಅದು ಇದ್ದಕ್ಕಿದ್ದ ಹಾಗೆ ಹತ್ತಾದದ್ದು ಹೇಗೆ, ಆ ಸಾಲ ತೀರಿಸುವುದು ಯಾವಾಗ ಎಂದು ಮಗು ಕೇಳಿದರೆ ಉತ್ತರ ಇಲ್ಲ. ಐದು ಕಟ್ಟು, ಎರಡು ಬಿಡಿ ಇಡಿಸಿ. ಏಳು ಬಿಡಿ ಕೊಡು ಎಂದು ಕೈಚಾಚಿ. ಒಂದು ಕ್ಷಣ ಪೇಚಾಡಲಿ, ನೀವು ಬಾಯಿಬಿಡಬೇಡಿ. ತಾನೇ ರಬ್ಬರ್ ಬ್ಯಾಂಡಿಗೆ ಕೈಹಾಕುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು ಉಳಿಯಿತು, ಎರಡು ಕಟ್ಟು ಕೊಟ್ಟರೆ ಎರಡು ಉಳಿಯಿತು. ಉತ್ತರ 25. ಒಂದೊಂದು ಹೆಜ್ಜೆಯಾದ ಕೂಡಲೇ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆಸಿ: 5 ಹೊಡೆದು 4, 2 ಹೊಡೆದು 12. ಎಲ್ಲ ಮುಗಿದ ಮೇಲೆ ಬರೆಸಿದರೆ ಕಡ್ಡಿ ಬೇರೆ, ಲೆಕ್ಕ ಬೇರೆ ಆಗಿಬಿಡುತ್ತದೆ. ಬರೆಯುವ ರೀತಿ ಮಾತ್ರ ಶಾಲೆಯ ಟೀಚರ್ ಹೇಳಿಕೊಟ್ಟಂತೆಯೇ ಇರಲಿ. ಕೂಡುವಾಗಿನ ನಮ್ಮ 'ಕೈಲಿ ಒಂದು', ಮರಾಠಿಯ 'ಹಾತಚಾ' ಒಂದೇ. ಆದರೆ ಆ ಸಣ್ಣ 1 ಅನ್ನು ಮೇಲೆ ಬರೆಯುವುದೋ ಪಕ್ಕದಲ್ಲೋ ಎಂಬುದನ್ನು ನೋಟ್‌ಬುಕ್ ನೋಡಿ ತಿಳಿದುಕೊಳ್ಳಿ.

ಕಡ್ಡಿ ಯಾವಾಗ ಎತ್ತಿಡಬೇಕು? ಮುಟ್ಟುವ ಮೊದಲೇ 'ಒಂದು ಕಟ್ಟು ಬಿಚ್ಚಬೇಕು' ಎಂದು ಮಗು ಹೇಳತೊಡಗಿದಾಗ. ಅಲ್ಲಿಂದ ಹತ್ತು ರೂಪಾಯಿ, ಒಂದು ರೂಪಾಯಿಗೆ ಹೋಗಬಹುದು. ದುಡ್ಡಿನಿಂದ ಶುರು ಮಾಡಬಾರದು, ಹತ್ತರ ನೋಟು ಬಿಚ್ಚಿಕೊಳ್ಳುವುದಿಲ್ಲ, ಚಿಲ್ಲರೆ ಮಾಡಿಸಬೇಕು. ಅದು ಇನ್ನೊಂದು ಮೆಟ್ಟಿಲು ಮೇಲಿನದು. ಐದರ ನಾಣ್ಯವನ್ನು ಆರಂಭದಲ್ಲಿ ಡಬ್ಬಿಯಿಂದ ತೆಗೆದಿಡಿ.

ಓಟಕ್ಕೂ ಒಂದು ಮಿತಿ ಇದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ, ಚಿಕ್ಕ ಮಕ್ಕಳ ಓದು ಮತ್ತು ಲೆಕ್ಕದ ಕಾರ್ಯಕ್ರಮವಾದ ನಿಪುಣ್ ಭಾರತ್‌ನ ಗುರಿಗಳ ಪ್ರಕಾರ ಒಂದನೇ ತರಗತಿಗೆ 99, ಎರಡನೆಯದಕ್ಕೆ 999, ಮೂರನೆಯದಕ್ಕೆ 9999ರವರೆಗಿನ ಸಂಖ್ಯೆ ಸಾಕು. ಒಂದನೇ ತರಗತಿಯಲ್ಲೇ ಸಾವಿರದವರೆಗೆ ಬರೆಸಿ ಬೀಗುವ ಅಪ್ಪಂದಿರ ಮಕ್ಕಳು 40ರ ಹಿಂದಿನ ಸಂಖ್ಯೆ ಕೇಳಿದರೆ ತಡವರಿಸುವುದುಂಟು. ಮಗ್ಗಿಯೂ ಹಾಗೇ. 'ಬೇ ಏಕೆ ಬೇ' ಎಂದಾದರೂ ಹೇಳಲಿ, 'ಎರಡೊಂದ್ಲ ಎರಡು' ಎಂದಾದರೂ ಹೇಳಲಿ, ನಡುವಿನಿಂದ 'ನಾಲ್ಕಾರ್ಲ?' ಎಂದು ಕೇಳಿದಾಗ ಮೊದಲಿನಿಂದ ಹಾಡಿಕೊಂಡು ಬಂದರೆ ಇನ್ನೂ ಬಂದಿಲ್ಲ ಎಂದೇ ಅರ್ಥ.

ಓದಿನ ವಿಷಯ. ಕನ್ನಡ ಅಕ್ಷರವನ್ನು ಮರಾಠಿಯ ದೇವನಾಗರಿ ಲಿಪಿ ಒಂದು ಹದಕ್ಕೆ ಬಂದ ಮೇಲೆ, ಎರಡನೇ ತರಗತಿಯ ಹೊತ್ತಿಗೆ ತೆಗೆದುಕೊಂಡರೆ ಹಗುರ. ನಮ್ಮ ಕಾಗುಣಿತವೂ ಮರಾಠಿಯ ಬಾರಾಖಡಿಯೂ ಒಂದೇ ಜಾಡಿನವು, ಅರ್ಧ ಕೆಲಸ ಆಗಿರುತ್ತದೆ. ಉಳಿದರ್ಧದಲ್ಲಿ ತಪ್ಪುಗಳು ಎಲ್ಲಿ ಬರುತ್ತವೆ ಎಂದು ಮೊದಲೇ ಹೇಳಬಹುದು. ದೇವನಾಗರಿಯಲ್ಲಿ ಎ, ಏ ಎಂಬ ಭೇದವಿಲ್ಲ. ಒ, ಓ ಕೂಡ ಇಲ್ಲ. ಹಾಗಾಗಿ ಕೆರೆ 'ಕೇರೇ' ಆಗುತ್ತದೆ. ಕೆರೆ ಮತ್ತು ಕೇರಿ, ಕೊಡು ಮತ್ತು ಕೋಡು, ಹೀಗೆ ಜೋಡಿ ಮಾಡಿ ಬಾಯಲ್ಲಿ ಹೇಳಿಸಿ, ಆಮೇಲೆ ಬರೆಸಿ. ಒತ್ತಕ್ಷರ ನಮ್ಮಲ್ಲಿ ಕೆಳಗೆ ಕೂರುತ್ತದೆ, ಅಲ್ಲಿ ಬಹುಮಟ್ಟಿಗೆ ಅರ್ಧಾಕ್ಷರ ಮುಂದೆ ನಿಲ್ಲುತ್ತದೆ. 'ಅಕ್ಕ', 'ಅಮ್ಮ', 'ಹಣ್ಣು' ಮೊದಲು, 'ವಸ್ತ್ರ' ಬಹಳ ಆಮೇಲೆ.

ದಿನಕ್ಕೆ ಹದಿನೈದು ನಿಮಿಷ ಸಾಕು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಮರಾಠಿಯಲ್ಲೂ ಪುಕ್ಕಟೆ ಸಿಗುವುದುಂಟು. ಮೊದಲ ಹಂತದ್ದು ಆರಿಸಿ. ಒಂದು ಪುಟದಲ್ಲಿ ಐದು ಪದಕ್ಕಿಂತ ಹೆಚ್ಚು ಕಡೆ ನಿಂತರೆ ಆ ಪುಸ್ತಕ ಬದಲಿಸಿ. ಗಡಿಯಾರ ಹಿಡಿಯಬೇಡಿ, ನಿಮಿಷಕ್ಕೆ 45ರಿಂದ 60 ಪದ ಎನ್ನುವ ನಿಪುಣ್ ಭಾರತ್ ಗುರಿಯೇ ಎರಡನೇ ತರಗತಿ ಮುಗಿಯುವಾಗಿನದು, ಅದೂ ಅರ್ಥವಾಗಿ ಓದಿದರೆ. ಇನ್ನು 'ಮರ' ಎಂಬುದನ್ನು 'ಮರ್' ಎಂದು ಓದಿದರೆ ಗಾಬರಿ ಬೇಡ. ಮರಾಠಿಯ 'ಘರ್' ಬರೆಯುವುದು 'ಘರ' ಎಂದು, ಓದುವುದು ಕೊನೆಯ ಅಕಾರ ನುಂಗಿ. ಮಗು ಅದೇ ನಿಯಮ ಇಲ್ಲಿಗೆ ತಂದಿದೆ. 'ಮರ್ ಅಲ್ಲ, ಮರ' ಎಂದು ತಿದ್ದುತ್ತಾ ಕೂರುವ ಬದಲು 'ಮರದ ಮೇಲೆ ಏನಿದೆ?' ಎಂದು ಕೇಳಿ. 'ಮರದ ಮೇಲೆ ಗಿಳಿ' ಎನ್ನುವಾಗ ನುಂಗಿದ ಅಕಾರ ತಾನಾಗಿ ಬಾಯಿಗೆ ಬರುತ್ತದೆ. ಆಗ ಅದೇ ಪದದ ಮೇಲೆ ಮತ್ತೆ ಬೆರಳಿಟ್ಟು ಓದಿಸಿ.